ಬೆಲೆಚೀಟಿ ಇಲ್ಲದ ಕುರ್ಚಿ

ನಮ್ಮ ಮನೆಯಲ್ಲಿ ಎಲ್ಲರೂ ಕೂರುತ್ತಾರೆ. ನನ್ನ ಮೈದುನ ಒಬ್ಬ ಮಾತ್ರ ಕೂರುವುದರ ಬಗ್ಗೆ ಯೋಚನೆ ಮಾಡುತ್ತಾನೆ. ಅದೂ ನಿಂತುಕೊಂಡು!

ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ನೆಂಟರ ಮದುವೆಗೆ ಹೋದರೆ ನೀವು ನಾವು ಏನು ನೋಡುತ್ತೇವೆ? ಹುಡುಗಿಯ ಸೀರೆ, ಹುಡುಗನ ಕಡೆಯವರ ಗತ್ತು, ಊಟದ ಸಾಲು ಎಲ್ಲಿಯವರೆಗೆ ಬಂದಿದೆ ಅನ್ನುವುದು. ಇವನು ಮದುಮಕ್ಕಳನ್ನು ಕೂರಿಸಿದ ಬಂಗಾರದ ಬಣ್ಣದ ಸಿಂಹಾಸನವನ್ನು ನೋಡುತ್ತಾನೆ. ಚಿಕ್ಕಮಾವನ ಮಗಳ ಮದುವೆಯಲ್ಲಿ ಅಕ್ಷತೆ ಹಾಕಲು ವೇದಿಕೆ ಹತ್ತಿದವನು ಸೀದಾ ಸಿಂಹಾಸನದ ಹಿಂದೆ ಹೋಗಿ ಬಗ್ಗಿದ. ಆಲ್ಬಮ್ಮಿನ ಒಳ್ಳೊಳ್ಳೆಯ ಫೋಟೊಗಳಲ್ಲೆಲ್ಲ ಮದುಮಗನ ಹೆಗಲ ಹಿಂದೆ ಯಾರದೋ ಒಂದು ಬೆನ್ನು ಕಾಣುತ್ತದೆ. ಅದು ನಮ್ಮ ಮನೆಯ ಬೆನ್ನು. ಕೆಳಗಿಳಿದು ಬಂದವನನ್ನು ಹೇಗಿದೆಯಪ್ಪಾ ಎಂದು ಕೇಳಿದರೆ, "ಹೆಚ್ಚು ದಿನ ಬಾಳಲ್ಲ ವದಿನಾ, ಬರೀ ಮೊಳೆ ಹೊಡೆದಿದ್ದಾರೆ" ಅಂದ. ಪಕ್ಕದಲ್ಲಿ ಕೂತಿದ್ದ ಹುಡುಗನ ಸೋದರತ್ತೆ ಆಮೇಲೆ ನಮ್ಮ ಜೊತೆ ಮಾತಾಡಲಿಲ್ಲ.

ವದಿನ ಎಂದರೆ ತೆಲುಗಿನಲ್ಲಿ ಅತ್ತಿಗೆ. ಆ ವದಿನ ನಾನೇ. ಬಳ್ಳಾರಿಯಿಂದ ಮದುವೆಯಾಗಿ ವಿಜಯವಾಡಕ್ಕೆ ಬಂದವಳು. ನನ್ನ ಗಂಡನ ಮನೆಯವರು ಎರಡು ತಲೆಮಾರಿನ ಹಿಂದೆ ಕೋಲಾರದ ಕಡೆಯಿಂದ ಬಂದು ಇಲ್ಲಿ ನೆಲೆಸಿದವರು. ಅಡುಗೆಮನೆಯಲ್ಲಿ ಕನ್ನಡ, ವರಾಂಡದಲ್ಲಿ ತೆಲುಗು, ಜಗಳಕ್ಕೆ ಎರಡೂ. ನಮ್ಮೆಜಮಾನರು ಬ್ಯಾಂಕಿನಲ್ಲಿ ಗುಮಾಸ್ತರು, ಮಾತು ಕಡಿಮೆ. ಆ ಕೊರತೆಯನ್ನು ನಾನು ತುಂಬಿದ್ದೇನೆ. ಮೊದಲು ಮನೆಯಲ್ಲೇ ರವಿಕೆ ಕಣ ಮಾರಿದೆ. ಆಮೇಲೆ ರಿಕ್ಷಾದಲ್ಲಿ ಪ್ಲಾಸ್ಟಿಕ್ ಕುರ್ಚಿ ಹೇರಿಸಿಕೊಂಡು ಭವಾನಿಪುರಂನ ಬೀದಿ ಬೀದಿ ತಿರುಗಿದೆ. ಈಗ ಬೆಂಜ್ ಸರ್ಕಲ್ ಹತ್ತಿರದ ಅಡ್ಡರಸ್ತೆಯಲ್ಲಿ ನನ್ನದೇ ಫರ್ನಿಚರ್ ಅಂಗಡಿ ಇದೆ. ಬಾಗಿಲಲ್ಲಿ ಚಪ್ಪಲಿ ಬಿಡುವ ರೀತಿ ನೋಡಿಯೇ ಬಂದವರು ಕೊಳ್ಳುವವರೋ ಎ.ಸಿ. ಗಾಳಿ ಕುಡಿಯಲು ಬಂದವರೋ ಹೇಳಬಲ್ಲೆ. ಮನುಷ್ಯರನ್ನು ನೋಡಿ ಅಳೆಯುವುದರಲ್ಲಿ ನನ್ನನ್ನು ಮೀರಿಸುವವರು ಆ ರಸ್ತೆಯಲ್ಲಿ ಇಲ್ಲ ಎಂದೇ ನಾನು ನಂಬಿದ್ದೆ.

ಇಂಥ ಮನೆಯಲ್ಲಿ ಇಂಥವನು ಹೇಗೆ ಹುಟ್ಟಿದ? ಅತ್ತೆಯವರನ್ನು ಕೇಳಿದರೆ, "ಓದಿಸಿದ್ದೇ ತಪ್ಪಾಯ್ತು" ಅನ್ನುತ್ತಾರೆ. ಉತ್ತರದ ಕಡೆ ಎಲ್ಲೋ ಕುರ್ಚಿ, ಮೇಜು, ದೀಪಗಳ ವಿನ್ಯಾಸ ಕಲಿಸುವ ಕಾಲೇಜಂತೆ. ವರ್ಷಗಟ್ಟಲೆ ಓದಿ ಬಂದ. ನೆಂಟರು ಮಗ ಏನು ಓದಿದ್ದಾನೆ ಎಂದು ವಿಚಾರಿಸಿದರೆ ಅತ್ತೆ, ಇಂಜಿನಿಯರಿಂಗ್ ಥರದ್ದೇ ಎಂದು ಹೇಳಿ ಬೇಗ ಮಾತು ಬದಲಿಸುತ್ತಿದ್ದರು. ಕಲಿತು ಬಂದ ಒಟ್ಟು ಸಾರ ಇಷ್ಟು: ವಸ್ತುವಿನಲ್ಲಿ ಕಾರಣವಿಲ್ಲದ ಒಂದು ಗೆರೆಯೂ ಇರಕೂಡದು. ಹೂವು, ಬಳ್ಳಿ, ನವಿಲು, ಸಿಂಹದ ಪಾದ, ಯಾವುದೂ ಕೂಡದು. ಇನ್ನು ನನ್ನ ಅಂಗಡಿಯ ಕಥೆ ಕೇಳಿ. ಅಲ್ಲಿ ನವಿಲಿಲ್ಲದ ಮಂಚವೇ ಇಲ್ಲ. ಮಗಳ ಮದುವೆಯಲ್ಲಿ ಸಾರೆ ಎಂದು ಮಂಚ, ಬೀರು, ಕನ್ನಡಿ ಮೇಜು ಕಳಿಸುವ ಊರು ಇದು. ತವರಿನಿಂದ ಹೊರಟ ಮಂಚದ ಮೇಲೆ ಎಷ್ಟು ನವಿಲಿದೆ ಎಂದು ಬೀದಿಯವರೆಲ್ಲ ನೋಡುತ್ತಾರೆ!

ಅವನು ಕಾರ್ಖಾನೆ ಹಾಕಿದ್ದು ವಿಶಾಖಪಟ್ಟಣದಲ್ಲಿ, ಬಂದರಿನ ಹತ್ತಿರ ಒಂದು ತಗಡಿನ ಶೆಡ್ಡಿನಲ್ಲಿ. ಯಾಕೆ ಅಲ್ಲಿ? ಹಡಗಿನ ಹೊಟ್ಟೆಯಲ್ಲಿ ಸರಕು ಅಲುಗಾಡದಿರಲಿ ಎಂದು ಕೆಳಗೆ ಹಲಗೆ ಹಾಸಿ ತರುತ್ತಾರಲ್ಲ, ಸರಕು ಇಳಿದ ಮೇಲೆ ಆ ಹಲಗೆಗಳು ಗುಜರಿಯವರ ಕೈಗೆ ಬರುತ್ತವೆ. ಯಾವ ಯಾವ ದೇಶದ ಮರವೋ. ಅದೇ ಇವನಿಗೆ ಬೇಕಾದದ್ದು.

ಮೊದಲ ಸಲ ಹಲಗೆ ಕೊಳ್ಳಲು ನಾನೇ ಜೊತೆಗೆ ಹೋದೆ. ಚೌಕಾಶಿ ಅಂದರೆ ಏನೆಂದು ಕಲಿಸೋಣ ಎಂದು. ಮೊಳೆ ತೋರಿಸಿದೆ, ಉಪ್ಪುನೀರಿನ ಕಲೆ ತೋರಿಸಿದೆ, ಮೂಗು ಮುರಿದೆ, ಎರಡು ಸಲ ಎದ್ದು ಗೇಟಿನ ತನಕ ಹೋಗಿ ಬಂದೆ. ಗುಜರಿಯವನು ಹೇಳಿದ ಬೆಲೆಯ ಅರ್ಧಕ್ಕೆ ಇಳಿದ. ಇನ್ನೇನು ಹೂಂ ಅನ್ನಬೇಕು, ಅಷ್ಟರಲ್ಲಿ ನಮ್ಮವನು ಹಲಗೆಯೊಂದನ್ನು ಎತ್ತಿ ಮೂಸಿ, ಕಣ್ಣಿಗೆ ಒತ್ತಿಕೊಳ್ಳುವುದೊಂದು ಬಾಕಿ ಇಟ್ಟು, ಗುಜರಿಯವನಿಗೇ ಬುದ್ಧಿ ಹೇಳಿದ: "ಇದು ಎಂಥ ಮರ ಗೊತ್ತಾ ಅಣ್ಣಾ? ಇಷ್ಟು ಕಡಿಮೆಗೆ ಕೊಡಬೇಡಿ."

ಅವತ್ತಿನಿಂದ ಇವತ್ತಿನವರೆಗೆ ಆ ಗುಜರಿಯವನು ನನ್ನ ಕಂಡರೆ ನಮಸ್ಕಾರ ಮಾಡುತ್ತಾನೆ. ನಿಮಗೂ ಒಂದು ಮಾತು ಹೇಳಿರುತ್ತೇನೆ. ಚೌಕಾಶಿಗೆ ಹೊರಟಾಗ ಮರ ಪ್ರೀತಿಸುವವರನ್ನು ಮನೆಯಲ್ಲೇ ಬಿಟ್ಟು ಹೋಗಿ.

ಎರಡು ಸಾವಿರದ ಹದಿನಾಲ್ಕರ ಚಂಡಮಾರುತ ವಿಶಾಖಪಟ್ಟಣವನ್ನು ಹೇಗೆ ಚಚ್ಚಿಹಾಕಿತು ಎಂದು ನಿಮಗೆಲ್ಲ ನೆನಪಿರಬಹುದು. ಎರಡು ದಿನ ಅವನ ಫೋನು ಸಿಗಲಿಲ್ಲ. ನಮ್ಮೆಜಮಾನರು ಊಟ ಬಿಟ್ಟು ಕೂತರು. ಮೂರನೇ ದಿನ ಯಾರದೋ ಫೋನಿನಿಂದ ಮಾತಾಡಿದ. ಇವರು ಹೇಗಿದ್ದೀಯೋ ಎಂದು ಕೇಳಿದರೆ, "ಶೆಡ್ಡಿನ ಮೇಲ್ಛಾವಣಿ ಹೋಯ್ತು ಅಣ್ಣಾ. ಆದ್ರೆ ದೀಪ ಬೀಳಲಿಲ್ಲ. ಬುಡದ ತೂಕ ಸರಿಯಾಗಿದೆ" ಅಂದ. ಅಣ್ಣ ಕೇಳಿದ್ದು ಯಾರ ಬಗ್ಗೆ, ಇವನು ಹೇಳಿದ್ದು ಯಾರ ಬಗ್ಗೆ!

ಆ ದೀಪದ ಪರಿಚಯವನ್ನೂ ಮಾಡಿಸಿಬಿಡುತ್ತೇನೆ. ಒಂದೇ ತಗಡನ್ನು ಬಗ್ಗಿಸಿ ಮಾಡಿದ್ದು, ಒಂದು ಸ್ಕ್ರೂ ಸಹ ಇಲ್ಲ. ಬಲ್ಬು ಕಾಣುವುದಿಲ್ಲ, ಗೋಡೆ ಮಾತ್ರ ಬೆಳಗುತ್ತದೆ. ನೋಡಲು ಚೆಂದವೇ, ಸುಳ್ಳು ಯಾಕೆ ಹೇಳಲಿ. ಆದರೆ ಸ್ವಿಚ್ಚು ಹೊರಗಿದ್ದರೆ ಗೆರೆ ಕೆಡುತ್ತದೆಂದು ಅದನ್ನು ಬುಡದ ಕೆಳಗೆ ಅಡಗಿಸಿಟ್ಟಿದ್ದ. ನಾನು ಬಾಯಿ ನೋಯುವಷ್ಟು ಮಾತಾಡಿ ಒಬ್ಬ ಡಾಕ್ಟರಮ್ಮನಿಗೆ ಅದನ್ನು ಮಾರಿದೆ. ಮರುದಿನ ಫೋನು ಬಂತು, ಸ್ವಿಚ್ಚು ಎಲ್ಲಿ ಎಂದು. ಸಂಜೆ ಅವರ ಗಂಡನಿಂದ ಬಂತು. ಮೂರನೇ ದಿನ ದೀಪವೇ ಬಂತು.

ಇಷ್ಟಾದ ಮೇಲೂ ನಾನು ಅವನನ್ನು ಕೈಬಿಡಲಿಲ್ಲ ಅನ್ನುವುದನ್ನು ಗಮನಿಸಿ. ಎರಡು ಸಾವಿರದ ಹದಿನೇಳರ ದಸರೆಯ ದಿನ ಕೂರಿಸಿಕೊಂಡು ಒಪ್ಪಂದ ಮಾಡಿದೆ. ನನ್ನ ಅಂಗಡಿಯ ಒಂದು ಮೂಲೆ ಒಂದು ವರ್ಷ ಅವನದು. ಮುಂದಿನ ವಿಜಯದಶಮಿಯೊಳಗೆ ಅವನ ಒಂದೇ ಒಂದು ವಸ್ತು ಮಾರಾಟವಾಗಿ, ವಾಪಸ್ ಬರದೆ ಉಳಿದರೆ ಶೆಡ್ಡು ಮುಂದುವರಿಸಲಿ. ಇಲ್ಲವಾದರೆ ಶೆಡ್ಡಿಗೆ ಬೀಗ ಹಾಕಿ, ನನಗೆ ಸೋಫಾ ಕಳಿಸುವ ಕಂಪನಿಯಲ್ಲಿ ಮ್ಯಾನೇಜರ್ ಕೆಲಸಕ್ಕೆ ಸೇರಬೇಕು. ಕೆಲಸವನ್ನು ನಾನೇ ಮಾತಾಡಿ ಇಟ್ಟಿದ್ದೆ. ಮೂವತ್ತೆಂಟು ತುಂಬಿದವನಿಗೆ ತಿಂಗಳ ಸಂಬಳ ಬೇಡವೇ? ಜೊತೆಗೆ ಇನ್ನೊಂದು ಷರತ್ತು: ಮನೆಯವರು ಕೊಂಡರೆ ಲೆಕ್ಕಕ್ಕಿಲ್ಲ. ಅದನ್ನು ಸೇರಿಸಲು ಕಾರಣವಿತ್ತು. ನಮ್ಮೆಜಮಾನರು ತಮ್ಮನ ಮೇಲಿನ ಮಮತೆಗೆ, ಬ್ಯಾಂಕಿನ ಸಹೋದ್ಯೋಗಿಯ ಹೆಸರಿನಲ್ಲಿ ಆ ದೀಪವನ್ನು ಕೊಳ್ಳಲು ನೋಡಿ ನನ್ನ ಕೈಗೆ ಸಿಕ್ಕಿಬಿದ್ದಿದ್ದರು.

ಅವನು "ಆಗ್ಲಿ ವದಿನಾ" ಅಂದ. ಅಷ್ಟೆ. ಆಡಿದ ಮಾತಿಗೆ ತಪ್ಪುವವನಲ್ಲ, ಅದು ನನಗೆ ಗೊತ್ತಿತ್ತು.

ಮೂಲೆಯಲ್ಲಿ ನಾಲ್ಕು ಕುರ್ಚಿ, ಎರಡು ಸ್ಟೂಲು, ಆ ದೀಪ ಬಂದು ಕೂತವು. ಗಿರಾಕಿಗಳೂ ಬಂದರು. ಆದರೆ ಒಬ್ಬೊಬ್ಬರದು ಒಂದೊಂದು ಮಾತು. ಇದಕ್ಕೆ ಪಾಲಿಶ್ ಬಾಕಿ ಇದೆಯಾ ಎಂದರು. ಇದು ಅಂಗಡಿಯವರು ಕೂರುವುದಾ ಎಂದರು. ಒಬ್ಬ ಅಜ್ಜಿಯಂತೂ ನನ್ನ ಕೈ ಹಿಡಿದು, ಪಾಪ ಬಡಗಿಗೆ ಹುಷಾರಿಲ್ಲವಾ ಎಂದು ವಿಚಾರಿಸಿದರು.

ಕೊನೆಗೆ ನಾನು ಒಂದು ಉಪಾಯ ಹೂಡಿದೆ. ಹಳೆಯ ಮಂಚದಿಂದ ಬಿಚ್ಚಿದ ಒಂದು ಕೆತ್ತನೆಯ ನವಿಲು ಗೋದಾಮಿನಲ್ಲಿತ್ತು. ಅದನ್ನು ತಂದು ಅವನ ಒಂದು ಕುರ್ಚಿಯ ಬೆನ್ನಿಗೆ ಎರಡು ಸ್ಕ್ರೂ ಹಾಕಿ ಕೂರಿಸಿದೆ. ಎರಡೇ ದಿನದಲ್ಲಿ ಗುಂಟೂರಿನ ಕಡೆಯ ದಂಪತಿಗಳು ಮೆಚ್ಚಿದರು. ಮಾತು ಮುಗಿಯುತ್ತ ಬಂದಿತ್ತು. ಅಷ್ಟರಲ್ಲಿ ಇವನು ವಿಶಾಖಪಟ್ಟಣದ ರೈಲಿನಿಂದ ಇಳಿದು ಸೀದಾ ಅಂಗಡಿಗೆ ಬಂದ. ಕುರ್ಚಿ ನೋಡಿದ, ನನ್ನನ್ನು ನೋಡಿದ. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು, ಗಿರಾಕಿಗಳ ಎದುರಿಗೇ ನವಿಲನ್ನು ಬಿಚ್ಚಿ ಅವರ ಕೈಗಿಟ್ಟ. ಆ ದಂಪತಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಒಳ್ಳೆಯ ಬೆಲೆ ಕೊಟ್ಟು ನವಿಲನ್ನು ಮಾತ್ರ ಕೊಂಡು ಹೋದರು!

ಆ ಮೂಲೆಯಲ್ಲಿ ಇನ್ನೊಂದು ಕುರ್ಚಿ ಇತ್ತು. ಅದರ ಮೇಲೆ ಬೆಲೆಚೀಟಿ ಇರಲಿಲ್ಲ. ಎಲ್ಲಕ್ಕಿಂತ ವಿಚಿತ್ರವಾದದ್ದು ಅದೇ. ಆಸನ ಬೇರೆ ಕುರ್ಚಿಗಳಿಗಿಂತ ಎತ್ತರ, ಕೈಗಳು ಆಸನವನ್ನು ದಾಟಿ ಒಂದು ಗೇಣು ಮುಂದಕ್ಕೆ. ಬಂದವರನ್ನು ಅಪ್ಪಿಕೊಳ್ಳಲು ನಿಂತ ಹಾಗೆ ಕಾಣುತ್ತಿತ್ತು. ಓಡಾಡುವ ಹೆಂಗಸರ ಸೆರಗೆಲ್ಲ ಅದಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಪ್ರತಿ ಸಲ ಬಂದಾಗಲೂ ಅವನು ಅದರ ಎದುರು ನೆಲದ ಮೇಲೆ ಕೂತು ಕುರ್ಚಿಯ ಕೈಯನ್ನು ಒಂದು ನೂಲಿನಷ್ಟು ಕೆತ್ತುತ್ತಿದ್ದ, ಕಾಲನ್ನು ಒಂದು ನೂಲಿನಷ್ಟು ಇಳಿಸುತ್ತಿದ್ದ. ಶೆಡ್ಡಿನಲ್ಲಿ ಐದು ವರ್ಷದಿಂದ ಕೆತ್ತುತ್ತ ಬಂದದ್ದಂತೆ. ಬೆಲೆ ಎಷ್ಟು ಅಂದರೆ, ಇನ್ನೂ ಮುಗಿದಿಲ್ಲ ಅನ್ನುತ್ತಿದ್ದ.

"ಒಂದು ಕುರ್ಚಿ ಮಾಡಾಕೆ ಎಷ್ಟು ವರ್ಷ ಬೇಕಪ್ಪ ನಿಂಗೆ?" ಎಂದು ನಾನು ಒಂದು ದಿನ ಕೇಳಿದೆ. "ನಮ್ಮವ್ವ ಐದು ವರ್ಷದಾಗ ಮೂರು ಮಕ್ಕಳ್ನ ಹಡದು ದೊಡ್ಡವ್ರನ್ನ ಮಾಡಿದ್ಳು."

"ಅವರು ಅಳತೆ ತಗೊಂಡಿರ್ಲಿಲ್ಲ ವದಿನಾ" ಅಂದ, ಕೆತ್ತುತ್ತಲೇ.

ಅದೇ ಕುರ್ಚಿಯ ಇನ್ನೊಂದು ಕಥೆ ಇದೆ. ಅದನ್ನು ಅಂಗಡಿಗೆ ತಂದದ್ದು ರೈಲಿನ ಜನರಲ್ ಬೋಗಿಯಲ್ಲಿ, ಹಳೆಯ ಸೀರೆಯಲ್ಲಿ ಸುತ್ತಿಕೊಂಡು. ಬೋಗಿಯಲ್ಲಿ ಕಾಲಿಡಲು ಜಾಗವಿಲ್ಲ. ಇವನ ಹತ್ತಿರವೋ ಸ್ವಂತ ಕುರ್ಚಿ! ಸೀರೆ ಬಿಚ್ಚಿ ಬಾಗಿಲ ಪಕ್ಕ ಹಾಕಿಕೊಂಡು ರಾಜನ ಹಾಗೆ ಬರಬಹುದಿತ್ತು. ಹಾಕಿದ, ಕೂರಲಿಲ್ಲ. ಒಬ್ಬ ಮುದುಕಿಯನ್ನು ಕೂರಿಸಿದ. ಆಕೆ ಇಳಿದ ಮೇಲೆ ಕಾಲು ನೋವಿನ ಒಬ್ಬ ಮೇಷ್ಟ್ರನ್ನು, ಆಮೇಲೆ ಬಸುರಿಯೊಬ್ಬಳನ್ನು. ಟಿಕೆಟ್ ಪರೀಕ್ಷಕರು ಬಂದು ಕುರ್ಚಿಗೆ ಟಿಕೆಟ್ ಎಲ್ಲಿ ಎಂದಾಗ ಬೋಗಿಯವರೆಲ್ಲ ಇವನ ಪರವಾಗಿ ಜಗಳಕ್ಕೆ ನಿಂತರಂತೆ. ಆರು ತಾಸಿನ ದಾರಿಯನ್ನು ತನ್ನ ಕುರ್ಚಿಯ ಪಕ್ಕದಲ್ಲೇ ನಿಂತುಕೊಂಡು ಬಂದ ಮಹಾನುಭಾವ! ಸ್ಟೇಷನ್ನಿನಲ್ಲಿ ಅವನ ಕೈಯ ಪುಸ್ತಕ ಇಸಿದುಕೊಂಡು ನೋಡಿದೆ. ಒಬ್ಬೊಬ್ಬರ ಚಿತ್ರವನ್ನೂ ಬರೆದಿದ್ದ. ಕೂತದ್ದಲ್ಲ, ಕುರ್ಚಿಯಿಂದ ಎದ್ದದ್ದು. ಮೊದಲು ಯಾವ ಕೈ ಊರಿದರು, ಪಾದ ಎಲ್ಲಿಟ್ಟರು, ಎಷ್ಟು ಬಗ್ಗಿದರು. ಎಲ್ಲರೂ ಕೂರುವ ಸುಖಕ್ಕೆ ಕುರ್ಚಿ ಮಾಡಿದರೆ ಇವನು ಏಳುವುದನ್ನು ಬರೆದುಕೊಳ್ಳುತ್ತಾನಲ್ಲ ಎಂದು ನಾನು ಆ ಕಥೆಯನ್ನು ಹೇಳಿ ಹೇಳಿ ಎಷ್ಟು ಜನರನ್ನು ನಗಿಸಿದ್ದೇನೋ!

ಇಲ್ಲಿ ಅತ್ತೆಯವರ ವಿಷಯ ಒಂದಿಷ್ಟು ಹೇಳಬೇಕು. ಭವಾನಿಪುರಂನ ಮನೆಯಲ್ಲಿ ನಮ್ಮ ಜೊತೆಗೇ ಇದ್ದಾರೆ. ಎಪ್ಪತ್ತು ದಾಟಿದೆ, ಗತ್ತು ಇಳಿದಿಲ್ಲ. ಮನೆಯಲ್ಲಿ ಹಾಲಿನ ಕಿಟಕಿಯ ಪಕ್ಕದ ದಿವಾನು ಬಿಟ್ಟು ಬೇರೆಲ್ಲೂ ಕೂರುವವರಲ್ಲ. ಕೃಷ್ಣಾನದಿಯ ಕಡೆಯ ಗಾಳಿ ಬೇಕು ಎಂದು ನಾವು ಆ ಜಾಗವನ್ನು ಅವರಿಗೇ ಬಿಟ್ಟಿದ್ದೆವು. ನೆಂಟರ ಮನೆಗೆ ಹೋದರೆ ಕೂತ ಜಾಗ ಬಿಟ್ಟು ಏಳುವುದಿಲ್ಲ, ಕಾಫಿ ಮುಟ್ಟುವುದಿಲ್ಲ, ನೀರನ್ನೂ ಕುಡಿಯುವುದಿಲ್ಲ. ಹಳೆಯ ಕಾಲದ ಮಡಿ ಎಂದುಕೊಂಡು ನಾನೇ ಎಲ್ಲರಿಗೂ ಸಮಜಾಯಿಷಿ ಹೇಳುತ್ತಿದ್ದೆ. ನನ್ನ ಅಂಗಡಿಗೆ ಬಂದರೂ ಅಷ್ಟೆ. ಇಪ್ಪತ್ತು ಸೋಫಾ ಇರುವ ಅಂಗಡಿಯಲ್ಲಿ ಕ್ಯಾಶ್ ಕೌಂಟರ್ ಹಿಡಿದು ನಿಂತೇ ಇರುತ್ತಿದ್ದರು. ಸೊಸೆಯ ಸೋಫಾ ಮೇಲೆ ಕೂರುವುದು ಇವರಿಗೆ ಕಡಿಮೆಯೇ ಎಂದು ಒಳಗೊಳಗೇ ನನಗೊಂದು ಸಿಟ್ಟೂ ಇತ್ತು.

ಆ ಕಿಟಕಿಯದೇ ಒಂದು ಪ್ರಸಂಗವಿದೆ. ಮನೆಗೆ ಬಣ್ಣ ಹೊಡೆಸಿ ಎರಡು ತಿಂಗಳಾಗಿರಲಿಲ್ಲ, ಕಿಟಕಿಯ ಒಂದೇ ಒಂದು ಸರಳಿನ ಬಣ್ಣ ಅಷ್ಟಗಲ ಸುಲಿದು ಕಬ್ಬಿಣ ಫಳಫಳ ಹೊಳೆಯತೊಡಗಿತು. ನಾನು ಬಿಡುತ್ತೇನೆಯೇ? ಬಣ್ಣದವನನ್ನು ಕರೆಸಿ, ಸರಳು ತೋರಿಸಿ, ಕಳಪೆ ಬಣ್ಣ ಹೊಡೆದಿದ್ದೀಯ ಎಂದು ತರಾಟೆಗೆ ತೆಗೆದುಕೊಂಡು ಇಡೀ ಹಾಲಿಗೆ ಪುಕ್ಕಟೆಯಾಗಿ ಇನ್ನೊಂದು ಕೈ ಬಣ್ಣ ಹೊಡೆಸಿದೆ. ಅತ್ತೆ ದಿವಾನಿನ ಮೇಲೆ ತಲೆತಗ್ಗಿಸಿ ಕೂತಿದ್ದರು. ಅದಾದ ಮೇಲೆ ಒಮ್ಮೆ ಮೈದುನ ಬಂದಾಗ ಟೇಪು ಹಿಡಿದು ಅದೇ ಸರಳನ್ನು ನೆಲದಿಂದ ಅಳೆಯುತ್ತಿದ್ದ. ಪರದೆ ಹೊಲಿಸುತ್ತೀಯಾ ಎಂದು ಕೇಳಿದರೆ ಹಾಗೇ ಸುಮ್ಮನೆ ಅಂದ. ಕಿಟಕಿಗೂ ಇವನಿಗೂ ಏನು ಸಂಬಂಧ ಎಂದುಕೊಂಡು ನಾನು ಅಂಗಡಿಗೆ ಹೋದೆ.

ಎರಡು ಸಾವಿರದ ಹದಿನೆಂಟರ ವಿಜಯದಶಮಿ ಬಂತು. ಮೂಲೆಯ ಒಂದು ವಸ್ತುವೂ ಹೋಗಿರಲಿಲ್ಲ. ಸೋಫಾ ಕಂಪನಿಯವರ ಪತ್ರ ನನ್ನ ಮೇಜಿನ ಮೇಲಿತ್ತು. ಮರುದಿನ ಸಹಿ. ಅವನು ಶೆಡ್ಡಿನಿಂದ ತನ್ನ ಉಳಿ, ಕೀಸುಳಿ, ಗರಗಸಗಳನ್ನೆಲ್ಲ ಒಂದು ಚೀಲದಲ್ಲಿ ತಂದು ಅಂಗಡಿಯ ಪೂಜೆಗೆ ಸಾಲಾಗಿ ಜೋಡಿಸಿದ. ಎಲ್ಲವನ್ನೂ ಎಣ್ಣೆ ಹಚ್ಚಿ ಒರೆಸಿದ್ದ. ಕೊನೆಯ ಪೂಜೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ನಮ್ಮೆಜಮಾನರು ಆ ಕಡೆ ನೋಡಲಾರದೆ ಬಾಳೆಕಂದು ಕಟ್ಟುವ ನೆಪದಲ್ಲಿ ಹೊರಗೇ ಉಳಿದರು. ನನಗೂ ಒಂದು ಥರ ಆಯಿತು. ಆದರೆ ಮಾತು ಮಾತೇ ತಾನೆ?

ಪುರೋಹಿತರು ಎಂದಿನಂತೆ ತಡವಾಗಿ ಬಂದು ಎಂದಿನಂತೆ ಲಂಬಿಸಿದರು. ಅತ್ತೆ ಕೌಂಟರ್ ಹಿಡಿದು ನಿಂತೇ ಇದ್ದರು. ಅರ್ಧ ತಾಸಾದ ಮೇಲೆ ಅವರ ಹಣೆಯಲ್ಲಿ ಬೆವರು ಕಂಡಿತು. ಮೈದುನ ಮೂಲೆಯಿಂದ ಆ ಬೆಲೆಚೀಟಿ ಇಲ್ಲದ ಕುರ್ಚಿಯನ್ನು ಎತ್ತಿ ತಂದು, ಸದ್ದಾಗದಂತೆ ಅವರ ಹಿಂದೆ ಇಟ್ಟು, ದೂರ ಹೋಗಿ ನಿಂತ. ಅತ್ತೆ ತಿರುಗಿ ನೋಡಿದರು. ಬೇಡ ಅನ್ನುವಷ್ಟು ಶಕ್ತಿ ಇರಲಿಲ್ಲವೋ ಏನೋ, ಕೂತರು.

ಮಂಗಳಾರತಿಯ ಗಂಟೆ ಮೊಳಗಿತು. ಇಂಥ ಹೊತ್ತಿನಲ್ಲಿ ಅವರು ಎಲ್ಲೇ ಕೂತಿರಲಿ, ಎಲ್ಲರೂ ಎದ್ದು ನಿಂತರೂ ತಾವು ಕೂತಲ್ಲೇ ಕೈಮುಗಿದು, ತಟ್ಟೆ ಇಲ್ಲಿಗೇ ಬರಲಿ ಅನ್ನುವವರು. ಅದನ್ನೂ ನಾವು ಗತ್ತು ಅಂದುಕೊಂಡಿದ್ದೆವು. ಅವತ್ತು ಅವರ ಎರಡು ಕೈಗಳು ಆ ಮುಂದೆ ಚಾಚಿದ ಮರದ ಕೈಗಳ ತುದಿಗೆ ಹೋದವು. ಪಾದಗಳು ತಾವಾಗಿಯೇ ಆಸನದ ಕೆಳಗಿನ ಖಾಲಿ ಜಾಗಕ್ಕೆ ಸರಿದವು. ಎದ್ದು ನಿಂತರು. ಯಾರ ಕೈಯೂ ಇಲ್ಲ, ಯಾವ ಗೋಡೆಯೂ ಇಲ್ಲ.

ಅವರಿಗೇ ಆಶ್ಚರ್ಯವಾಗಿರಬೇಕು. ಆರತಿ ಕಡೆ ನೋಡದೆ ಹಿಂತಿರುಗಿ ಕುರ್ಚಿಯನ್ನು ನೋಡಿದರು. ಮತ್ತೆ ಕೂತರು. ಮತ್ತೆ ಎದ್ದರು. ಪುರೋಹಿತರು ತಟ್ಟೆ ಹಿಡಿದು ಕಾಯುತ್ತ ನಿಂತರು.

ನಾನು ಮೈದುನನ ಕಡೆ ನೋಡಿದೆ. ಅವನು ಅಮ್ಮನ ಮುಖ ನೋಡುತ್ತಿರಲಿಲ್ಲ, ಮುಂಗೈ ನೋಡುತ್ತಿದ್ದ. ಹತ್ತಿರ ಹೋಗಿ, ಇಷ್ಟು ವರ್ಷ ಇದನ್ನೇನಾ ಮಾಡ್ತಿದ್ದದ್ದು ಎಂದು ಮೆಲ್ಲಗೆ ಕೇಳಿದೆ.

"ಅಮ್ಮ ಯಾರ ಮನೇಲೂ ನೀರು ಕುಡಿಯಲ್ಲ, ನೋಡಿದ್ದೀರಾ ವದಿನಾ?"

"ಮಡಿ ಅಲ್ಲೇನು?"

"ಕುಡಿದ್ರೆ ಬಚ್ಚಲಿಗೆ ಏಳಬೇಕಾಗುತ್ತೆ."

ನಾನು ತಿರುಗಿ ಅತ್ತೆಯನ್ನು ನೋಡಿದೆ.

"ಯಾರನ್ನೂ ಕೈ ಕೊಡಿ ಅಂತ ಕೇಳೋಳಲ್ಲ" ಅಂದ. "ನಾವಾಗೇ ಕೊಟ್ರೆ ಕೂರೋದನ್ನೇ ಬಿಟ್ಬಿಡ್ತಾಳೆ. ಮನೇಲಿ ಹಿಡಿದು ಏಳೋಕೆ ಆ ಕಿಟಕಿ ಸರಳು ಇದೆ, ಅದಕ್ಕೇ ಅಲ್ಲಿ ಕೂರ್ತಾಳೆ."

ಚಪ್ಪಲಿ ಬಿಡುವ ರೀತಿ ನೋಡಿ ಮನುಷ್ಯರನ್ನು ಅಳೆಯುವವಳು ನಾನು. ಹದಿನಾರು ವರ್ಷ ಒಂದೇ ಮನೆಯಲ್ಲಿ, ದಿನಕ್ಕೆ ಹತ್ತು ಸಲ ಆ ದಿವಾನಿನ ಮುಂದೆ ಓಡಾಡಿದವಳು. ಸುಲಿದ ಬಣ್ಣ ಕಂಡಿತು. ಅದನ್ನು ಸುಲಿದ ಕೈ ಕಾಣಲಿಲ್ಲ. ಆ ಬಣ್ಣದವನ ಮುಖ ನೆನಪಾಯಿತು. ನಾನು ಬೈಯುತ್ತಿದ್ದಾಗ ದಿವಾನಿನ ಮೇಲೆ ತಲೆತಗ್ಗಿಸಿ ಕೂತಿದ್ದ ಅತ್ತೆಯ ಮುಖವೂ.

ಪೂಜೆ ಮುಗಿದ ಮೇಲೆ ಮೇಜಿನ ಹತ್ತಿರ ಹೋಗಿ ರಸೀದಿ ಪುಸ್ತಕ ತೆಗೆದೆ. ಕುರ್ಚಿ ಒಂದು ಎಂದು ಬರೆದು, ಬೆಲೆ ಹೇಳು ಅಂದೆ. ಮನೆಯವರು ಕೊಂಡರೆ ಲೆಕ್ಕಕ್ಕಿಲ್ಲವಲ್ಲ ಎಂದು ಅವನು ನೆನಪಿಸಿದ. ಪುಣ್ಯಾತ್ಮ, ಈ ಹೊತ್ತಿನಲ್ಲೂ ತನ್ನ ವಿರುದ್ಧವೇ ವಾದ!

"ಷರತ್ತು ಹಾಕಿದವ್ಳು ನಾನು, ತೆಗೆಯಾಕೂ ನಂಗೆ ಬರತೈತೆ. ಬೆಲೆ ಹೇಳು."

ಅವನು ಯೋಚಿಸಿ ಯೋಚಿಸಿ ಒಂದು ಬೆಲೆ ಹೇಳಿದ. ತೀರಾ ಕಡಿಮೆ. ನಾನು ಜೀವನದಲ್ಲಿ ಮೊದಲ ಸಲ ಮೇಲಕ್ಕೆ ಚೌಕಾಶಿ ಮಾಡಿದೆ. ಕೂಡದು ಅಂದ, ಕೊಡುತ್ತೇನೆ ಅಂದೆ. ಎರಡು ಸಲ ಎದ್ದು ಬಾಗಿಲ ತನಕ ಹೋಗಿ ಬಂದೆ. ಗೆದ್ದದ್ದು ನಾನೇ. ಸೋಫಾ ಕಂಪನಿಯ ಪತ್ರವನ್ನು ನಮ್ಮೆಜಮಾನರು ಯಾವಾಗಲೋ ಮಡಚಿ ಜೇಬಿಗೆ ಹಾಕಿಕೊಂಡಿದ್ದರು. ಕೊಡಿ ಎಂದು ನಾನು ಕೇಳಲಿಲ್ಲ. ಶೆಡ್ಡು ಈಗಲೂ ನಡೆಯುತ್ತಿದೆ. ಆ ಕುರ್ಚಿಯ ಥರದ್ದೇ ಬೇಕೆಂದು, ಮನೆಯಲ್ಲಿ ದೊಡ್ಡವರಿರುವ ಕೆಲವರು ಹುಡುಕಿಕೊಂಡು ಬರುತ್ತಾರೆ. ನವಿಲು ಬೇಕೆಂದು ಕೇಳಿದವರನ್ನು ಈಗ ನಾನೇ ಬೈದು ಕಳಿಸುತ್ತೇನೆ.

ಆದರೆ ಆ ದಿನದ ಒಂದು ಮಾತು ಉಳಿಯಿತು. ನಾವಿಬ್ಬರೂ ಬೆಲೆಗಾಗಿ ಕಿತ್ತಾಡುತ್ತಿದ್ದಾಗ ಅತ್ತೆ ಕುರ್ಚಿಯಲ್ಲಿ ಕೂತೇ ಇದ್ದರು. ಎರಡೂ ಅಂಗೈಗಳನ್ನು ಮರದ ಕೈಗಳ ತುದಿಯ ಮೇಲಿಟ್ಟುಕೊಂಡು, ಬಾಗಿಲಾಚೆ ಬೆಂಜ್ ಸರ್ಕಲ್ಲಿನ ಗದ್ದಲವನ್ನು ನೋಡುತ್ತಿದ್ದರು. ನಮ್ಮ ಜಗಳ ಮುಗಿದದ್ದನ್ನು ಕಂಡು ನನ್ನ ಕಡೆ ತಿರುಗಿದರು.

"ಏಮ್ಮಾ, ನಿನ್ನ ಅಂಗಡೀಲಿ ಕಾಫಿ ಸಿಗುತ್ತಾ?"

ನಾನೇ ಓಡಿಹೋಗಿ ಎದುರಿನ ಹೋಟೆಲಿನಿಂದ ತಂದುಕೊಟ್ಟೆ. ಲೋಟದ ತಳ ಕಾಣುವವರೆಗೆ ಕುಡಿದರು. ಆಮೇಲೆ ನೀರನ್ನೂ ಕೇಳಿದರು.